ಮೂಲೆಯಿಲ್ಲದ ಮನೆ

ಹದಿನೈದು ತಂದೆ, ಹೊಸಕೋಟೆ ಸಂತೆಯಿಂದ,
ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ತೂತು ಕೊರೆದು.
ಎಚ್ ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ
ಕಂಡಕ್ಟರ್ ಅರ್ಧ ಟಿಕೆಟ್ ಕೇಳಿದ.
ತಮಾಷೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ.

"ಟರ್ಕಿ ಅಂದ್ರೆ ದೇಶ ಅಲ್ವೇನೇ?" ಅಂದರು ಅತ್ತೆ ಪಿಳ್ಳಮ್ಮ.
ಮೂವತ್ತು ವರ್ಷ ರೇಷ್ಮೆಹುಳು ಸಾಕಿದ ಕೈ
ಡಬ್ಬದೊಳಗೆ ಇಳಿಯಿತು.
ಒಂದನ್ನೆತ್ತಿ ಕೆನ್ನೆಗಿಟ್ಟು ನೋಡಿ,
"ತಣ್ಣಗದೆ."

ಹುಳುಮನೆ ಆ ತಿಂಗಳು ಖಾಲಿ.
ಬ್ಲೀಚಿಂಗ್ ವಾಸನೆ ಗೋಡೆಯಲ್ಲಿ ಇನ್ನೂ ಆರಿರಲಿಲ್ಲ.
ನೂರು ಕ್ಯಾಂಡಲ್ ಬಲ್ಬು ಇಳಿಬಿಟ್ಟೆ,
ನೀರಿಟ್ಟೆ, ನುಚ್ಚಿಟ್ಟೆ, ಮೊಟ್ಟೆ ಬೇಯಿಸಿ ಪುಡಿ ಮಾಡಿಟ್ಟೆ.
ಹದಿನೈದೂ ಆ ನುಚ್ಚಿನ ಮೇಲೇ ನಿಂತು
ಹಸಿವು ಅಂತ ಕೂಗಿದವು.

ಕೋಳಿಮರಿ ಹುಟ್ಟಿದ ದಿನವೇ ಕೆದಕುತ್ತದೆ.
ಕರು ಬಿದ್ದಲ್ಲಿಂದ ಎದ್ದು ಕೆಚ್ಚಲು ಹುಡುಕುತ್ತದೆ.
ಇವಕ್ಕೆ ಮಾತ್ರ ಯಾರೂ ಹೇಳಿ ಕಳಿಸಿಲ್ಲ,
ಬದುಕೋದು ಅಂದರೆ ಮೊದಲು ಕೊಕ್ಕು ಬಾಗಿಸೋದು ಅಂತ.

ಒಂದೊಂದನ್ನೇ ಹಿಡಿದು ನೀರಿಗೆ ಅದ್ದಿದೆ,
ಎತ್ತಿದೆ, ಅದ್ದಿದೆ.
ಮಗಳು ಗಾನವಿ ತನ್ನ ಗೋಲಿಗಳನ್ನೆಲ್ಲ ತಟ್ಟೆಗೆ ಸುರಿದಳು,
ಹೊಳೆಯೋದನ್ನ ಕುಕ್ಕಲಿ, ಕುಕ್ಕಿದರೆ ನೀರು ಸಿಕ್ಕಲಿ.
ಏಳು ಕಲಿತವು.
ಒಂದು, ಉಗುರು ಮುಳುಗುವಷ್ಟು ನೀರಿನಲ್ಲಿ
ಮುಖವಿಟ್ಟು ಹಾಗೇ ಇತ್ತು.

ಆ ರಾತ್ರಿ ಎರಡೂವರೆಗೆ ಕರೆಂಟು ಹೋಯಿತು.
ನಂದಿ ಕಡೆಯ ಚಳಿ ಶೀಟಿನ ಸಂದಿಯಿಂದ ಇಳಿಯಿತು.
ಬೆಳಿಗ್ಗೆ ಮೂಲೆಯಲ್ಲೊಂದು ಗುಪ್ಪೆ.
ಮೇಲಿನವು ಬೆಚ್ಚಗಿದ್ದವು.
ಕೆಳಗಿನ ಮೂರು ಚಪ್ಪಟೆ.
ಜಗಳವಿಲ್ಲ, ಗಾಯವಿಲ್ಲ,
ಒಂದಕ್ಕೊಂದು ಹತ್ತಿರ ಬಂದದ್ದಷ್ಟೇ.

ಅತ್ತೆ ಬಯ್ಯಲಿಲ್ಲ. ಅಟ್ಟದಿಂದ
ಹಳೇ ಚಂದ್ರಿಕೆಯೊಂದನ್ನು ಇಳಿಸಿ
ಬಿದಿರಿನ ಚಾಪೆ ಬಿಚ್ಚಿ, ಬಗ್ಗಿಸಿ,
ಬಲ್ಬಿನ ಸುತ್ತ ಗುಂಡಗೆ ನಿಲ್ಲಿಸಿದರು.
"ಗೂಡಿಗೆ ಮೂಲೆ ಇರ್ತದೇನೇ?
ಹುಳಕ್ಕಿರೋ ಬುದ್ಧಿ ನಮಗಿಲ್ಲ."

ಆದರೂ ಅರ್ಧಕ್ಕರ್ಧ ತಿನ್ನವು.
ಎದುರುಮನೆ ದ್ಯಾವಕ್ಕ
ಒಂದು ಕಪ್ಪು ನಾಟಿಮರಿಯನ್ನು ಸೆರಗಿನಲ್ಲಿ ತಂದು ಬಿಟ್ಟಳು:
"ತಗೋ, ನಿಮ್ಮ ಸ್ಕೂಲಿಗೆ ಮೇಷ್ಟ್ರು."
ನಾಲ್ಕು ದಿನದ ಮೇಷ್ಟ್ರು ಬಂದದ್ದೇ ಕೆದಕಿತು.
ಹನ್ನೊಂದು ತಲೆ ಅದರ ಕಾಲನ್ನೇ ನೋಡಿದವು.
ನುಚ್ಚು ಎಗರಿತು.
ಒಂದು ಕೊಕ್ಕು ಇಳಿಯಿತು. ಇನ್ನೊಂದು.
ಅತ್ತೆ ಹಿಪ್ಪುನೇರಳೆ ಕುಡಿಯನ್ನು
ಚಾಕಿ ಹುಳಕ್ಕೆ ಹೆಚ್ಚುವ ಹಾಗೆ
ಎಳೆ ಎಳೆಯಾಗಿ ಹೆಚ್ಚಿ ಉದುರಿಸಿದರು.

ಐದನೇ ವಾರ ಒಂದು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿತು.
"ಎರಡನೇ ಜ್ವರ, ಎದ್ದೇಳ್ತದೆ ಬಿಡು" ಅಂದರು ಅತ್ತೆ.
ಹುಳುವಾಗಿದ್ದರೆ ಪೊರೆ ಕಳಚಿ ಏಳುತ್ತಿತ್ತು.
ಇದು ಏಳಲಿಲ್ಲ. ಮರುದಿನ ಇನ್ನೊಂದು.

ಪಶು ಆಸ್ಪತ್ರೆಯ ಕಾಂಪೌಂಡರ್
ಹಳದಿ ಹಿಕ್ಕೆಯನ್ನು ಕಡ್ಡಿಯಲ್ಲಿ ಕೆದಕಿ ಕೇಳಿದ:
"ಕೋಳಿ ಜೊತೆ ಬಿಟ್ಟಿದ್ದೀರಾ?
ಅದಕ್ಕೇನೂ ಆಗಲ್ಲ.
ಅದು ಹೊತ್ತಿರೋದು ಇವನ್ನ ತೆಗೆಯುತ್ತೆ."

ಬುಟ್ಟಿ ಕವುಚಿ ಮೇಷ್ಟ್ರನ್ನು ಹಿಡಿದೆ,
ರಸ್ತೆ ದಾಟಿಸಿ ಬಂದೆ.
ಮೂರು ದಿನ ಇವು ಚಾಪೆಯ ಆ ಬದಿಗೇ
ಕತ್ತು ಚಾಚಿ ನಿಂತವು.
ಗಾನವಿ ನನ್ನ ಜೊತೆ ಮಾತು ಬಿಟ್ಟಳು.
ಕೊನೆಗೊಮ್ಮೆ ಅಂದಳು, ತಟ್ಟೆ ತಳ್ಳಿ:
"ತಿನ್ನೋದು ಕಲಿಸಿದ್ದೇ ಅದು."
ನನ್ನ ಹತ್ತಿರ ಉತ್ತರ ಇರಲಿಲ್ಲ.
ಮುದ್ದೆ ಆರುತ್ತಿತ್ತು.

ಈಗ ಆರಿವೆ.
ಹುಂಜಕ್ಕೆ ಮೂಗಿನ ಮೇಲೆ ಕೆಂಪು ಜೋಲು ಬಂದಿದೆ.
ಕುಕ್ಕರ್ ಕೂಗಿದರೆ ಕೂಗುತ್ತದೆ,
ಬಸ್ಸು ಹಾರ್ನ್ ಹೊಡೆದರೆ ಕೂಗುತ್ತದೆ,
ದ್ಯಾವಕ್ಕನ ತಿಪ್ಪೆಯಲ್ಲಿ ಕಪ್ಪು ಹೇಟೆ ಕೆದಕುವಾಗ ಮಾತ್ರ
ಬೇಲಿಗೆ ಬಂದು ಸುಮ್ಮನೆ ನಿಲ್ಲುತ್ತದೆ.
ಯಾಕೆಂದು ನಾನು ಯೋಚಿಸಲು ಹೋಗುವುದಿಲ್ಲ.

ಚಾಪೆ ತೆಗೆದು ತಿಂಗಳಾಯಿತು.
ರಾತ್ರಿ ಟಾರ್ಚ್ ಹಾಕಿ ನೋಡಿದರೆ
ಅಷ್ಟಗಲದ ಹುಳುಮನೆಯಲ್ಲಿ ಆರೂ
ನಡುಮಧ್ಯೆ, ಗುಂಡಗೆ,
ಇಲ್ಲದ ಗೋಡೆಗೆ ಬೆನ್ನು ಕೊಟ್ಟು.

"ಸೋಮವಾರ ಚಾಕಿ ಬರ್ತದೆ,
ಇವನ್ನ ಆಚೆ ಹಾಕಿ ಮನೆ ತೊಳಿ" ಅಂತಾರೆ ಅತ್ತೆ,
ಸೊಪ್ಪು ಹೆಚ್ಚುತ್ತಾ, ಎಳೆ ಎಳೆಯಾಗಿ.
ಅಂದು ಮೂರು ಸೋಮವಾರ ಆಯಿತು.